ಚಿಕಿತ್ಸೆಯ ಜೊತೆಗೆ ಒಂದು ಒಲೆ

ಇತ್ತೀಚಿನ ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಂದ ಬರುವ ದೂರವಾಣಿ ಕರೆಗಳ ಸ್ವರೂಪವೇ ಬದಲಾಗಿದೆ. ಹಿಂದೆಲ್ಲ ಮದುವೆಯ ಕರೆಯೋಲೆ, ಗೃಹಪ್ರವೇಶ, ಮಕ್ಕಳ ಪರೀಕ್ಷೆಯ ಫಲಿತಾಂಶ ಇವುಗಳ ಸುದ್ದಿ ಇರುತ್ತಿತ್ತು. ಈಗ ಅವರೆಲ್ಲರೂ ಐವತ್ತರ ಆಸುಪಾಸಿಗೆ ಬಂದಿದ್ದಾರೆ. ತಂದೆಗೋ, ತಾಯಿಗೋ, ಕೆಲವೊಮ್ಮೆ ಕೈಹಿಡಿದವರಿಗೋ ಕ್ಯಾನ್ಸರ್ ಎಂದು ತಿಳಿದ ದಿನ, "ಟೀಚರ್, ನೀವು ಸಾರ್ ಜೊತೆ ಬೆಂಗಳೂರಿನಲ್ಲಿ ಇದ್ದು ಬಂದವರಲ್ಲವೇ, ಏನೇನು ಸಿದ್ಧತೆ ಮಾಡಿಕೊಳ್ಳಬೇಕು?" ಎಂದು ಕೇಳುತ್ತಾರೆ. ಯಾವ ಆಸ್ಪತ್ರೆ, ಯಾವ ವೈದ್ಯರು, ಎಷ್ಟು ಖರ್ಚು ಎಂಬ ಪ್ರಶ್ನೆಗಳು ಮೊದಲು ಬರುತ್ತವೆ. ಎಲ್ಲಿ ಉಳಿದುಕೊಳ್ಳಬೇಕು, ಯಾವ ಒಲೆಯ ಮೇಲೆ ಅಡುಗೆ ಮಾಡಬೇಕು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಈ ಕೇಳದೆ ಉಳಿದ ಪ್ರಶ್ನೆಯ ಕುರಿತೇ ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ಊರಿನಿಂದ ಕ್ಯಾನ್ಸರ್ ಚಿಕಿತ್ಸೆಗೆ ಬರುವ ರೋಗಿಗೂ ಆತನ ಜೊತೆಗಿರುವವರಿಗೂ ಇರಲು ಒಂದು ನೆಲೆ, ಬೇಯಿಸಲು ಒಂದು ಒಲೆ ಬೇಕು. ಇವು ಚಿಕಿತ್ಸೆಯ ಹೊರಗಿನ ಅನುಕೂಲಗಳೆಂದು ನಾವು ಭಾವಿಸಿದ್ದೇವೆ. ಆದರೆ ಅವು ಚಿಕಿತ್ಸೆಯ ಭಾಗವೇ ಆಗಿವೆ. ಸರಕಾರವೂ ದಾನಿಗಳೂ ನಂಟರಿಷ್ಟರೂ ಅವನ್ನು ಹಾಗೆಯೇ ಪರಿಗಣಿಸಬೇಕು.

ವಿಷಯ ತಿಳಿಯದ ಕಿರಿಯರಿಗಾಗಿ ಸ್ವಲ್ಪ ಹಿನ್ನೆಲೆ. 2019ರ ಮಳೆಗಾಲದಲ್ಲಿ ನಮ್ಮ ಮನೆಯವರ ಎಡಗೆನ್ನೆಯ ಒಳಭಾಗದಲ್ಲಿದ್ದ ಬಿಳಿಯ ಮಚ್ಚೆಯೊಂದು ಹುಣ್ಣಾಗಿ ಮಾಯದೇ ಉಳಿಯಿತು. ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿಸಿದಾಗ ರೋಗ ಯಾವುದೆಂದು ಖಚಿತವಾಯಿತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅದರ ಗಾಯ ಮಾದ ಮೇಲೆ ಮೂವತ್ತು ದಿನಗಳ ವಿಕಿರಣ ಚಿಕಿತ್ಸೆ. ಈಗ ಅವರು ಎಂದಿನಂತೆ ತೋಟಕ್ಕೆ ಹೋಗಿಬರುತ್ತಾರೆ. ಮಾತು ಸ್ವಲ್ಪ ಅಸ್ಪಷ್ಟ, ಖಾರ ಮುಟ್ಟುವಂತಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ, ಉಳಿದಂತೆ ಕ್ಷೇಮ. ಐವತ್ತು ವರ್ಷ ಹಾಕಿದ ಕವಳದ ವಿಚಾರ ಬೇರೆಯೇ ಒಂದು ಲೇಖನವಾಗಬೇಕಾದದ್ದು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ವಿಕಿರಣ ಚಿಕಿತ್ಸೆಗೆ ನಮ್ಮ ಜನ 'ಕರೆಂಟ್ ಕೊಡುವುದು' ಎನ್ನುತ್ತಾರೆ. ಅದರ ಕ್ರಮವನ್ನು ಅರಿತರೆ ನನ್ನ ಮಾತು ಸ್ಪಷ್ಟವಾದೀತು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಬಾರಿ, ಶನಿವಾರ ಭಾನುವಾರ ಬಿಡುವು. ಹೀಗೆ ಮೂವತ್ತು ಬಾರಿಗೆ ಆರು ವಾರಗಳು. ಪ್ರತಿದಿನವೂ ಯಂತ್ರದ ಕೆಳಗೆ ಮಲಗುವುದು ಹತ್ತು ಹದಿನೈದು ನಿಮಿಷ ಮಾತ್ರ. ಆ ಹದಿನೈದು ನಿಮಿಷಗಳಿಗಾಗಿ ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆಗಳನ್ನು ಪರ ಊರಿನಲ್ಲಿ ಕಳೆಯಬೇಕು. ನಮ್ಮ ತೀರ್ಥಹಳ್ಳಿಯ ಕಡೆಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಭಾನುವಾರ ರಾತ್ರಿ ಹಿಂತಿರುಗೋಣವೆಂದರೆ, ಮೂಗಿನಲ್ಲಿ ನಳಿಗೆ ಇಟ್ಟುಕೊಂಡ ಮನುಷ್ಯನಿಗೆ ಘಾಟಿಯ ದಾರಿಯ ಪ್ರಯಾಣ ಸಾಧ್ಯವೇ?

ಇನ್ನೊಂದು ಸಂಗತಿ. ಇಂಥ ಚಿಕಿತ್ಸೆ ಪಡೆಯುವವರನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಿಸಿಕೊಳ್ಳುವುದಿಲ್ಲ. ದಾಖಲಾಗದ ಮೇಲೆ ಹಾಸಿಗೆಯಿಲ್ಲ, ಹಾಸಿಗೆಯಿಲ್ಲದ ಮೇಲೆ ಆಸ್ಪತ್ರೆಯ ಊಟವೂ ಇಲ್ಲ. ಇದರಲ್ಲಿ ಆಸ್ಪತ್ರೆಯವರ ದೋಷವೇನೂ ಇಲ್ಲ. ದಿನವೂ ನೂರಾರು ಜನ ಬಂದುಹೋಗುವ ವಿಭಾಗದಲ್ಲಿ ಎಲ್ಲರಿಗೂ ಮಂಚ ಕೊಡುವುದಾಗದು; ನಡೆದಾಡಬಲ್ಲವರಿಗೆ ಮಂಚದ ಅಗತ್ಯವೂ ಇಲ್ಲ. ಆದರೆ ಬೆಂಗಳೂರಿನವನೇ ಆದ ರೋಗಿ ಚಿಕಿತ್ಸೆ ಮುಗಿಸಿ ತನ್ನ ಮನೆಗೆ ಹೋಗುತ್ತಾನೆ. ಪರ ಊರಿನವನು ಎಲ್ಲಿಗೆ ಹೋಗಬೇಕೆಂಬುದು ಯಾರ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ.

ನಾವು ಮೊದಲ ಒಂಬತ್ತು ದಿನ ಆಸ್ಪತ್ರೆಗೆ ಸಮೀಪದ ಒಂದು ವಸತಿಗೃಹದಲ್ಲಿದ್ದೆವು. ದಿನಕ್ಕೆ ಏಳುನೂರು ರೂಪಾಯಿ ಬಾಡಿಗೆ. ಕೋಣೆ ಚೊಕ್ಕಟವಾಗಿತ್ತು, ಬಿಸಿನೀರು ಬರುತ್ತಿತ್ತು, ಆದರೆ ಅಡುಗೆ ಮಾಡುವಂತಿಲ್ಲ ಎಂದು ಬಾಗಿಲ ಹಿಂದೆಯೇ ಬರೆದು ಅಂಟಿಸಿದ್ದರು. ಬೆಂಕಿಯ ಭಯ ಅವರಿಗೂ ಇರುತ್ತದೆ. ಆ ನಿಯಮವನ್ನು ನಾನು ದೂರುವುದಿಲ್ಲ. ಆದರೆ ನಮ್ಮವರಿಗೆ ಆಗ ಬಾಯಿಂದ ಏನನ್ನೂ ನುಂಗಲಾಗುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗಿಳಿಸಿದ ನಳಿಗೆಯ ಮೂಲಕ ಎರಡೆರಡು ಗಂಟೆಗೊಮ್ಮೆ ಆಹಾರ ಕೊಡಬೇಕಿತ್ತು. ರಾಗಿಯ ಅಂಬಲಿ, ಬೇಯಿಸಿ ಅರೆದ ಬೇಳೆ, ತರಕಾರಿಯ ರಸ, ಹಾಲು ಇವೆಲ್ಲವನ್ನೂ ನುಣ್ಣಗೆ ಮಾಡಿ, ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಿರುವಾಗ ದೊಡ್ಡ ಸಿರಿಂಜಿನಲ್ಲಿ ತುಂಬಿ ನಿಧಾನವಾಗಿ ಬಿಡಬೇಕು. ಕೊನೆಯಲ್ಲಿ ಕುದಿಸಿ ಆರಿಸಿದ ನೀರು ಬಿಟ್ಟು ನಳಿಗೆಯನ್ನು ತೊಳೆಯಬೇಕು; ಇಲ್ಲವಾದರೆ ಕಟ್ಟಿಕೊಳ್ಳುತ್ತದೆ. ಆಮೇಲೆ ಅರ್ಧ ಗಂಟೆ ರೋಗಿಯನ್ನು ಒರಗಿಸಿ ಕೂರಿಸಬೇಕು. ಇಷ್ಟನ್ನು ಆಸ್ಪತ್ರೆಯ ದಾದಿಯರು ಎರಡು ದಿನ ತಾಳ್ಮೆಯಿಂದ ಕಲಿಸಿದರು. ಒಲೆಯಿಲ್ಲದ ಕೋಣೆಯಲ್ಲಿ ಇದನ್ನು ಮಾಡುವುದು ಹೇಗೆಂಬುದನ್ನು ಮಾತ್ರ ಅವರೂ ಕಲಿಸಲಾರರು.

ಹೋಟೆಲಿನ ಇಡ್ಲಿ ಸಾಂಬಾರು ನಳಿಗೆಯಲ್ಲಿ ಇಳಿಯುವುದಿಲ್ಲ. ಔಷಧದ ಅಂಗಡಿಯಲ್ಲಿ ದೊರೆಯುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ನಂದಿನಿ ಹಾಲನ್ನು ಪಕ್ಕದ ಚಹಾದಂಗಡಿಯಲ್ಲಿ ಕಾಯಿಸಿಕೊಂಡು ಬಂದು ದಿನ ದೂಡಿದೆ. ಒಂಬತ್ತು ದಿನಗಳಲ್ಲಿ ಅವರ ತೂಕ ಅರವತ್ತೊಂದರಿಂದ ಐವತ್ತೆಂಟು ಕಿಲೋಗ್ರಾಮಿಗೆ ಇಳಿಯಿತು.

ಇಲ್ಲಿಯೇ ನನಗೆ ಒಂದು ಹೊಸ ಪಾಠವಾಯಿತು. ಮುಖ ಮತ್ತು ಕುತ್ತಿಗೆಯ ಭಾಗಕ್ಕೆ ವಿಕಿರಣ ಕೊಡುವಾಗ ರೋಗಿ ಕೂದಲೆಳೆಯಷ್ಟೂ ಅಲುಗಬಾರದೆಂದು, ಅವನ ಮುಖದ ಅಳತೆಗೇ ಸರಿಯಾಗಿ ಪ್ಲಾಸ್ಟಿಕ್ಕಿನ ಬಲೆಯಂಥ ಮುಖವಾಡವೊಂದನ್ನು ಮಾಡುತ್ತಾರೆ. ಅದನ್ನು ಮುಖದ ಮೇಲಿಟ್ಟು ಹಲಗೆಗೆ ಬಿಗಿದ ನಂತರವೇ ಯಂತ್ರ ಚಾಲೂ ಆಗುವುದು. ಒಂದು ದಿನ ಅಲ್ಲಿಯ ತಂತ್ರಜ್ಞರು ನನ್ನನ್ನು ಕರೆದು, "ಅಮ್ಮ, ಮುಖ ಇಳಿದಿದೆ, ಮಾಸ್ಕ್ ಸಡಿಲವಾಗುತ್ತಿದೆ. ಇನ್ನೂ ಇಳಿದರೆ ಹೊಸದಾಗಿ ಅಳತೆ ತೆಗೆದು ಎಲ್ಲ ಲೆಕ್ಕವನ್ನೂ ಮತ್ತೆ ಮಾಡಬೇಕಾಗುತ್ತದೆ, ತೂಕ ಹಿಡಿದಿಡಿ" ಎಂದರು. ಕೋಟಿಗಟ್ಟಲೆ ಬೆಲೆಬಾಳುವ ಯಂತ್ರ, ಅದರ ನಿಖರತೆಯನ್ನು ಲೆಕ್ಕಹಾಕುವ ಭೌತವಿಜ್ಞಾನಿಗಳು, ಇಷ್ಟೆಲ್ಲ ಇದ್ದೂ ಆ ಕಿರಣ ಸರಿಯಾದ ಜಾಗಕ್ಕೆ ಬೀಳುವುದು ಒಂದು ಪಾತ್ರೆ ಅಂಬಲಿಯನ್ನೂ ಅವಲಂಬಿಸಿದೆ! ಮೂವತ್ತನಾಲ್ಕು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದ ನನಗೆ ಇದಕ್ಕಿಂತ ಸ್ಪಷ್ಟವಾದ ಕಾರ್ಯಕಾರಣ ಸಂಬಂಧ ಇನ್ನೊಂದು ಕಂಡಿಲ್ಲ.

ಹತ್ತನೆಯ ದಿನ ನಮ್ಮ ಕಷ್ಟ ಹೇಗೋ ತಿಳಿದು, 1994ರಲ್ಲಿ ನಮ್ಮ ಶಾಲೆಯಿಂದ ತೇರ್ಗಡೆಯಾದ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಮಹಡಿಯ ಕೋಣೆಯನ್ನು ಬಿಟ್ಟುಕೊಟ್ಟಳು. ಒಂದು ಮಂಚ, ಒಂದು ಚಾಪೆ, ಮೂಲೆಯಲ್ಲಿ ಕಲ್ಲುಹಲಗೆಯ ಮೇಲೆ ಗ್ಯಾಸಿನ ಒಲೆ, ಹಳೆಯದೊಂದು ಮಿಕ್ಸಿ. ಹೆಸರು ಬರೆದರೆ ಆಕೆ ಒಪ್ಪುವುದಿಲ್ಲ. ಆ ದಿನದಿಂದ ಊರಿನಂತೆಯೇ ನಾನು ಬೆಳಿಗ್ಗೆ ಐದಕ್ಕೆ ಎದ್ದು ಅಂಬಲಿ ಕಾಸುತ್ತಿದ್ದೆ. ಮೂರನೆಯ ವಾರ ಬಾಯೊಳಗೆ ಹುಣ್ಣುಗಳೆದ್ದವು. ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ದಿನಕ್ಕೆ ಆರೇಳು ಬಾರಿ ಬಾಯಿ ತೊಳೆಸಬೇಕಿತ್ತು. ಅದಕ್ಕೂ ಒಲೆಯೇ ಬೇಕು. ಚಿಕಿತ್ಸೆ ಮುಗಿದ ದಿನ ತೂಕ ಐವತ್ತಾರೂವರೆ. ಮುಖವಾಡವನ್ನು ಮತ್ತೆ ಮಾಡಬೇಕಾಗಿ ಬರಲಿಲ್ಲ.

ನಮ್ಮ ಕತೆ ಹೀಗೆ ದಡ ಸೇರಿತು. ಎಲ್ಲರಿಗೂ ಬೆಂಗಳೂರಿನಲ್ಲಿ ಹಳೆಯ ವಿದ್ಯಾರ್ಥಿಗಳಿರುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪ್ರತಿದಿನ ನನ್ನ ಪಕ್ಕದಲ್ಲಿ ಕೂರುತ್ತಿದ್ದ ರಾಯಚೂರು ಜಿಲ್ಲೆಯ ಹೆಣ್ಣುಮಗಳೊಬ್ಬಳನ್ನು ನಾನು ಮರೆಯಲಾರೆ. ಆಕೆಯ ಗಂಡನಿಗೂ ಬಾಯಿಯದೇ ರೋಗ, ಮೂವತ್ತೇ ದಿನಗಳ ಚಿಕಿತ್ಸೆ. ಇಬ್ಬರೂ ಕೂಲಿಯವರು. ಬಡತನದ ಕಾರ್ಡಿನ ಮೇಲೆ ಚಿಕಿತ್ಸೆ ಪೂರ್ತಿ ಉಚಿತವಾಗಿತ್ತು. ಅದಕ್ಕೆ ಒಂದು ರೂಪಾಯಿಯನ್ನೂ ಅವರಿಂದ ಯಾರೂ ಕೇಳಲಿಲ್ಲ. ಆದರೆ ನಾಲ್ಕು ನೂರು ಕಿಲೋಮೀಟರು ದೂರದ ಊರಿನಿಂದ ಬಂದು, ಕೂಲಿಯಿಲ್ಲದೆ, ಇಬ್ಬರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು, ಒಂದು ಸಣ್ಣ ಕೋಣೆಗೆ ವಾರದ ಬಾಡಿಗೆ ಕೊಟ್ಟು ಉಳಿದಿದ್ದರು. ಹದಿನೆಂಟನೆಯ ದಿನದ ಚಿಕಿತ್ಸೆ ಮುಗಿದ ಮೇಲೆ ಕೈಯಲ್ಲಿದ್ದ ಹಣವೂ ಮುಗಿಯಿತು. ಮರುದಿನ ಬೆಂಚು ಖಾಲಿಯಾಗಿತ್ತು.

ನನ್ನ ದೂರವಾಣಿ ಸಂಖ್ಯೆ ಆಕೆಯ ಬಳಿ ಇತ್ತು. ಮರುವರ್ಷದ ಶ್ರಾವಣದಲ್ಲಿ ಒಮ್ಮೆ ಕರೆ ಬಂತು. ಗಂಡ ತೀರಿಕೊಂಡು ತಿಂಗಳಾಗಿತ್ತು. ಆಕೆ ಅಳಲಿಲ್ಲ, ಒಂದೇ ಪ್ರಶ್ನೆ ಕೇಳಿದಳು: "ಅಕ್ಕಾರ, ಆ ಹನ್ನೆರಡು ದಿನ ಇದ್ದಿದ್ರ ನಮ್ಮ ಮನಿಯವ್ರು ಉಳೀತಿದ್ರೇನ್ರಿ?"

ಇದಕ್ಕೆ ಯಾವ ವೈದ್ಯರೂ ಖಚಿತವಾಗಿ ಉತ್ತರಿಸಲಾರರು. ಪೂರ್ತಿ ಚಿಕಿತ್ಸೆ ಪಡೆದವರಲ್ಲಿಯೂ ರೋಗ ಮರುಕಳಿಸುವುದುಂಟು. ಆದರೆ ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ವಿಕಿರಣವನ್ನು ನಡುವೆ ನಿಲ್ಲಿಸಿದರೆ, ದಿನಗಳನ್ನು ತಪ್ಪಿಸಿದರೆ, ಉಳಿದ ರೋಗಕಣಗಳು ಮತ್ತೆ ಬೆಳೆಯಲು ಸಮಯ ದೊರೆತು ಗುಣವಾಗುವ ಸಂಭವ ಕಡಿಮೆಯಾಗುತ್ತದೆ ಎಂಬುದು ವೈದ್ಯಶಾಸ್ತ್ರದಲ್ಲಿ ದೃಢಪಟ್ಟ ವಿಷಯ. ಹೀಗಿರುವಾಗ ಆ ಹನ್ನೆರಡು ದಿನಗಳ ಕೋಣೆಯ ಬಾಡಿಗೆಯನ್ನು ಔಷಧವಲ್ಲ ಎಂದು ಹೇಗೆ ಹೇಳುವುದು? ಹದಿನೆಂಟು ದಿನಗಳ ಉಚಿತ ಚಿಕಿತ್ಸೆಗೆ ಸರಕಾರ ವ್ಯಯಿಸಿದ ಹಣವಾದರೂ ಸಾರ್ಥಕವಾಗಬೇಕಿದ್ದರೆ ಆ ದಂಪತಿಗಳಿಗೆ ಇನ್ನೆರಡೂವರೆ ವಾರ ತಲೆಯ ಮೇಲೊಂದು ಸೂರು ಬೇಕಿತ್ತು.

ಸರಕಾರ ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. 2025ರಲ್ಲಿ ನಮ್ಮ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತಿನ ಕೀಮೋಥೆರಪಿ ಕೇಂದ್ರಗಳು ಆರಂಭವಾದವು. ಮೊದಲ ಬಾರಿಯ ಔಷಧವನ್ನು ದೊಡ್ಡ ಆಸ್ಪತ್ರೆಯಲ್ಲಿ ಪಡೆದವರು ಮುಂದಿನದನ್ನು ತಮ್ಮ ಜಿಲ್ಲೆಯಲ್ಲಿಯೇ ಪಡೆದು ಸಂಜೆಗೆ ಮನೆ ಸೇರಬಹುದು. ಅದೇ ವರ್ಷದ ಕೇಂದ್ರ ಮುಂಗಡಪತ್ರದಲ್ಲಿಯೂ ಮೂರು ವರ್ಷಗಳಲ್ಲಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೆ ಇಂಥ ಕೇಂದ್ರಗಳನ್ನು ಕೊಡುವ ಘೋಷಣೆಯಾಯಿತು. ದೂರವನ್ನೇ ಕಡಿಮೆ ಮಾಡುವ ಈ ಕ್ರಮ ಎಲ್ಲಕ್ಕಿಂತ ಉತ್ತಮ.

ಆದರೆ ವಿಕಿರಣದ ಯಂತ್ರವನ್ನು ಹೀಗೆ ಊರೂರಿಗೆ ಕೊಂಡೊಯ್ಯಲಾಗದು. ಅದಕ್ಕೆ ದಪ್ಪ ಕಾಂಕ್ರೀಟಿನ ವಿಶೇಷ ಕೊಠಡಿ ಬೇಕು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ತಜ್ಞ ವೈದ್ಯರೂ ಭೌತವಿಜ್ಞಾನಿಗಳೂ ಬೇಕು. ಆದ್ದರಿಂದ ಇನ್ನೂ ಬಹಳ ವರ್ಷ ನಮ್ಮ ಹಳ್ಳಿಗಳ ಜನ ದೂರದ ನಗರಗಳಿಗೆ ಹೋಗಿ ವಾರಗಟ್ಟಲೆ ಉಳಿಯುವುದು ತಪ್ಪುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಪ್ರಾರಂಭವಾದದ್ದು 1973ರಲ್ಲಿ. ಅಂದಿನಿಂದಲೂ ಕರ್ನಾಟಕದ ಮೂಲೆಮೂಲೆಯ ಜನ, ನೆರೆಯ ಆಂಧ್ರ, ತಮಿಳುನಾಡಿನ ಜನ ಅಲ್ಲಿಗೆ ಬರುತ್ತಿದ್ದಾರೆ. ಪಂಜಾಬಿನ ಭಟಿಂಡಾದಿಂದ ರಾಜಸ್ಥಾನದ ಬಿಕಾನೇರಿಗೆ ರೋಗಿಗಳನ್ನು ಹೊತ್ತು ಸಾಗುತ್ತಿದ್ದ ರೈಲಿಗೆ ಜನರೇ 'ಕ್ಯಾನ್ಸರ್ ರೈಲು' ಎಂದು ಹೆಸರಿಟ್ಟಿದ್ದರೆಂದರೆ ಈ ವಲಸೆಯ ಅಗಾಧತೆ ಅರಿವಾದೀತು.

ಜೊತೆಗಿರುವವರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ಹೊಸ ಬೇಡಿಕೆಯೇನಲ್ಲ. ನಮ್ಮ ರೈಲ್ವೆ ಇಲಾಖೆ ಅದನ್ನು ಎಂದೋ ಒಪ್ಪಿಕೊಂಡಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ ಪ್ರಯಾಣ ಪೂರ್ಣ ಉಚಿತ. ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75ರಷ್ಟು ರಿಯಾಯಿತಿ. (ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆಯಬೇಕು, ಬಹಳ ಜನರಿಗೆ ಇದು ತಿಳಿದಿಲ್ಲ, ದಯವಿಟ್ಟು ತಿಳಿದವರು ತಿಳಿಸಿ.) ಆಹಾರವೂ ಚಿಕಿತ್ಸೆಯ ಭಾಗವೆಂಬುದನ್ನು ಕ್ಷಯರೋಗದ ವಿಷಯದಲ್ಲಿ ಸರಕಾರವೇ ಒಪ್ಪಿದೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ಕ್ಷಯರೋಗಿಗೆ ತಿಂಗಳಿಗೆ 500 ರೂಪಾಯಿ ಪೌಷ್ಟಿಕ ಆಹಾರಕ್ಕಾಗಿ ನೇರವಾಗಿ ದೊರೆಯುತ್ತಿತ್ತು; 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಯಿತು. ಪ್ರಯಾಣದಲ್ಲಿ ಜೊತೆಗಾರರನ್ನೂ, ಕ್ಷಯದಲ್ಲಿ ಊಟವನ್ನೂ ಒಪ್ಪಿಕೊಂಡವರಿಗೆ, ವಿಕಿರಣ ಪಡೆಯುವ ಪರ ಊರಿನ ಬಡ ರೋಗಿಗೆ ದಿನಕ್ಕಿಷ್ಟೆಂದು ವಸತಿ ಭತ್ಯೆ ಕೊಡುವುದು ತತ್ವದ ದೃಷ್ಟಿಯಿಂದ ಕಷ್ಟವಾಗಲಾರದು.

ಇದಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಮೊದಲನೆಯದು, ಧರ್ಮಶಾಲೆಗಳು ಕಟ್ಟಿದರೆ ದಲ್ಲಾಳಿಗಳ ಪಾಲಾಗುತ್ತವೆ, ಒಮ್ಮೆ ಒಳಹೊಕ್ಕವರು ಬಿಡುವುದಿಲ್ಲ ಎಂಬುದು. ವಿಕಿರಣದ ವಿಷಯದಲ್ಲಿ ಈ ಭಯಕ್ಕೆ ಸುಲಭದ ಪರಿಹಾರವಿದೆ. ಚಿಕಿತ್ಸೆ ಆರಂಭವಾಗುವ ದಿನ, ಮುಗಿಯುವ ದಿನ ಎರಡನ್ನೂ ಆ ವಿಭಾಗವೇ ಮೊದಲು ನಿಗದಿ ಮಾಡಿ ಚೀಟಿ ಕೊಡುತ್ತದೆ. ಆ ಚೀಟಿಯೇ ಕೋಣೆಯ ಚೀಟಿಯೂ ಆಗಲಿ. ಮೊದಲ ದಿನದ ಹಿಂದಿನ ಸಂಜೆ ಕೋಣೆ, ಕೊನೆಯ ದಿನದ ನಂತರ ಒಂದು ವಾರ ಕಳೆದು ತೆರವು. ಬಾಯಿಯ ಹುಣ್ಣು ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಕಾಡುವುದರಿಂದ ಆ ಒಂದು ವಾರ ಅವಶ್ಯ.

ಎರಡನೆಯ ಆಕ್ಷೇಪ ನಮ್ಮ ಬಂಧುಗಳ ನಡುವಿನದೇ. "ಗಂಡನ ಸೇವೆ ಹೆಂಡತಿಯ ಕರ್ತವ್ಯ, ಹೆಂಡತಿಯದು ಗಂಡನ ಕರ್ತವ್ಯ, ಇದರಲ್ಲಿ ಭತ್ಯೆ, ಸೌಲಭ್ಯ ಎಂಬ ಮಾತೇಕೆ?" ಕರ್ತವ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಲವತ್ತೆರಡು ದಿನಗಳೂ ನಾನು ಅದನ್ನು ಹೊರೆಯೆಂದು ಎಣಿಸಲಿಲ್ಲ. ಆದರೆ ಕರ್ತವ್ಯ ಮಾಡುವವರಿಗೂ ನಿದ್ದೆ ಬೇಕು. ರಾತ್ರಿ ಮೂರು ಬಾರಿ ಎದ್ದು ಕಫ ತೆಗೆದು, ಹಗಲು ಸರತಿಯಲ್ಲಿ ನಿಂತು, ಅಡುಗೆ ಮಾಡಿ, ಬಟ್ಟೆ ಒಗೆದು, ರೋಗಿಯ ಮುಂದೆ ನಗುಮುಖ ತೋರುವ ವ್ಯಕ್ತಿ ಹಾಸಿಗೆ ಹಿಡಿದರೆ ರೋಗಿಯ ಚಿಕಿತ್ಸೆಯೇ ನಿಲ್ಲುತ್ತದೆ. ಜೊತೆಗಿರುವವರು ರಸ್ತೆಬದಿಯಲ್ಲಿ ಮಲಗಬೇಕಾಗಿ ಬಂದರೆ ಅದರಿಂದ ಅವರ ನಿಷ್ಠೆ ಹೆಚ್ಚುವುದಿಲ್ಲ, ಆರೋಗ್ಯ ಕೆಡುತ್ತದೆ.

ದಾನದ ವಿಷಯದಲ್ಲಿ ನಮ್ಮ ಹಿರಿಯರಿಗೆ ತುಂಬ ಸೂಕ್ಷ್ಮವಾದ ಕಣ್ಣಿತ್ತು. ಅವರು ಕೆರೆ ತೋಡಿಸಿದರು, ಅರವಟ್ಟಿಗೆ ಇಟ್ಟರು, ಛತ್ರ ಕಟ್ಟಿಸಿದರು. ದಾರಿಹೋಕ ಎಲ್ಲಿ ಬಳಲುತ್ತಾನೋ ಅಲ್ಲಿಯೇ ನೆರಳು. ಬೆಂಗಳೂರಿನ ರೈಲು ನಿಲ್ದಾಣದ ಸಮೀಪ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಆರಂಭವಾಯಿತು. ರೈಲಿಳಿದು ಬರುವ ಪರ ಊರಿನವನಿಗೆ ತಲೆಯಿಡಲು ಜಾಗ ಬೇಕೆಂಬುದು ಆ ಪುಣ್ಯಾತ್ಮರಿಗೆ ಹೊಳೆದಿತ್ತು. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಪ್ರಾರಂಭವಾಯಿತು. ಅಲ್ಲಿಗೆ ಬರುವ ಸಾವಿರಾರು ಬಡ ರೋಗಿಗಳಿಗೆ ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಆಸರೆಯಾಗಿದೆ. ಕೈಯಲ್ಲಿ ಪೊರಕೆ ಹಿಡಿದು ಊರೂರು ಗುಡಿಸುತ್ತ ಹೋದ ಆ ಸಂತ, ದೊರೆತ ಕಾಣಿಕೆಯಲ್ಲಿ ಗುಡಿ ಕಟ್ಟದೆ ಧರ್ಮಶಾಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ಆಸ್ಪತ್ರೆಗಳ ಬಳಿಯಲ್ಲಿಯೂ ಧರ್ಮಶಾಲೆಗಳಿವೆ. ದಾನಿಗಳು ಕಟ್ಟಿಸಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಬರುವವರ ಸಂಖ್ಯೆಗೆ ಅವು ಸಾಲುವುದಿಲ್ಲವೆಂಬುದನ್ನು ಸಂಜೆ ಆರರ ಮೇಲೆ ಆಸ್ಪತ್ರೆಯ ಹೊರಗೋಡೆಯ ಪಕ್ಕ ಒಮ್ಮೆ ನಡೆದರೆ ಯಾರಾದರೂ ಕಾಣಬಹುದು. ಇಂದಿನ ದಾರಿಹೋಕ ಬಳಲಿ ಕೂರುವ ಜಾಗ ಅದು. ನಮ್ಮ ಊರುಗಳಲ್ಲಿ ದೇವಸ್ಥಾನಕ್ಕೆ ಮೂರನೆಯ ಕಲ್ಯಾಣಮಂಟಪ ಕಟ್ಟಿಸಲು ಚಂದಾ ಎತ್ತುವ ಮಹನೀಯರು ಅದರಲ್ಲೊಂದು ಭಾಗವನ್ನು ಅಲ್ಲಿ ನಾಲ್ಕು ಕೋಣೆಗೂ ಒಂದು ಸಾಮೂಹಿಕ ಅಡುಗೆಮನೆಗೂ ಕೊಟ್ಟರೆ ದೇವರು ಖಂಡಿತ ಮುನಿಯಲಾರ.

ಕೊನೆಯದಾಗಿ ನಂಟರಿಗೂ ಸ್ನೇಹಿತರಿಗೂ ಕೆಲವು ಮಾತು. ಸರಕಾರ, ದಾನಿ ಎಂದು ಹೇಳುತ್ತ ನಮ್ಮ ಪಾಲಿನದನ್ನು ಮರೆಯಬಾರದಲ್ಲವೇ? ನಮ್ಮನ್ನು ನೋಡಲು ಬಂದವರು ಬಹಳ. ಎಲ್ಲರದೂ ಪ್ರೀತಿಯೇ. ಆದರೆ ನುಂಗಲಾರದವರ ಎದುರಿಗೆ ಸೇಬು, ಬಿಸ್ಕತ್ತಿನ ಪೊಟ್ಟಣಗಳ ರಾಶಿ ಬೆಳೆಯಿತು, "ಎಷ್ಟನೆಯ ಹಂತ?" ಎಂಬ ಪ್ರಶ್ನೆಗೆ ರೋಗಿಯ ಎದುರೇ ಉತ್ತರಿಸಬೇಕಾಯಿತು. ಅದೇ ಸಮಯದಲ್ಲಿ ನನ್ನ ತಂಗಿಯ ಮಗ ಪ್ರತಿ ಶನಿವಾರ ಮಧ್ಯಾಹ್ನ ಬಂದು, "ದೊಡ್ಡಮ್ಮ, ನೀವು ಮಲಗಿ, ದೊಡ್ಡಪ್ಪನನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ನಾಲ್ಕು ಗಂಟೆ ಕೂರುತ್ತಿದ್ದ. ನಳಿಗೆಯಲ್ಲಿ ಅಂಬಲಿ ಬಿಡುವುದನ್ನೂ ಕಲಿತ. ಆ ನಾಲ್ಕು ಗಂಟೆಯ ನಿದ್ದೆಯಿಂದ ನಾನು ಮುಂದಿನ ವಾರವನ್ನು ದಾಟುತ್ತಿದ್ದೆ. ಊರಿನಲ್ಲಿ ಉಳಿದವರ ನೆರವೂ ಕಡಿಮೆಯದಲ್ಲ. ಅಡಿಕೆ ಕೊಯ್ಲಿನ ಕಾಲ. ಪಕ್ಕದ ಮನೆಯವರು ತಮ್ಮ ಕೊನೆಗಾರರನ್ನೇ ನಮ್ಮ ತೋಟಕ್ಕೂ ಕಳಿಸಿ, ಬೇಯಿಸಿ ಒಣಗಿಸಿ ಕೊಟ್ಟರು. ಕೊಟ್ಟಿಗೆಯ ಎರಡು ಹಸುಗಳನ್ನು ಆರು ವಾರ ಕರೆದು, ಹಾಲಿನ ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು. "ತೋಟ ಏನಾಯಿತೋ" ಎಂಬ ಚಿಂತೆ ಇಲ್ಲದೇ ಹೋದದ್ದರಿಂದಲೇ ನಮ್ಮವರು ಯಂತ್ರದ ಕೆಳಗೆ ನೆಮ್ಮದಿಯಿಂದ ಮಲಗಿದರು.

ಆದ್ದರಿಂದ, ನಿಮಗೆ ತಿಳಿದವರು ಯಾರಾದರೂ ಚಿಕಿತ್ಸೆಗೆ ಪರ ಊರಿಗೆ ಹೊರಟಿದ್ದರೆ "ಏನಾದರೂ ಬೇಕಾದರೆ ಹೇಳಿ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಕಷ್ಟದಲ್ಲಿರುವವರಿಗೆ ಕೇಳಲು ಸಂಕೋಚ. ನೀವೇ ಒಂದು ಕೆಲಸವನ್ನು ಹೆಸರಿಸಿ ವಹಿಸಿಕೊಳ್ಳಿ. ಬುಧವಾರದ ಊಟ ನನ್ನದು ಎನ್ನಿ. ಔಷಧದ ಸರತಿಯಲ್ಲಿ ನಾನು ನಿಲ್ಲುತ್ತೇನೆ ಎನ್ನಿ. ಹಸು ಕರೆಯುತ್ತೇನೆ, ಅಜ್ಜಿಯನ್ನು ನೋಡಿಕೊಳ್ಳುತ್ತೇನೆ ಎನ್ನಿ. ಹೆಂಡತಿ ರೋಗಿಯಾಗಿ ಗಂಡ ಜೊತೆಗಿದ್ದರೆ ಆತನಿಗೆ ಗಂಜಿ, ಅಂಬಲಿ ಮಾಡಲು ಹೊರಡುವ ಮುಂಚೆಯೇ ಕಲಿಸಿಕೊಡಿ. ಅಡುಗೆ ಬಾರದ ಗಂಡಸರು ಆ ಬೆಂಚುಗಳ ಮೇಲೆ ಕಂಗಾಲಾಗಿ ಕೂತದ್ದನ್ನು ನಾನು ಕಂಡಿದ್ದೇನೆ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಮೈಸೂರುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರ ಮಕ್ಕಳು ಓದಿಗೋ ಉದ್ಯೋಗಕ್ಕೋ ಹೊರದೇಶ ಸೇರಿ ಮನೆಯಲ್ಲಿ ಒಂದು ಕೋಣೆ ಖಾಲಿ ಉಳಿದಿದೆ ಎಂದು ನನಗೆ ಗೊತ್ತು. ವರ್ಷಕ್ಕೊಮ್ಮೆ, ಆರು ವಾರ, ಊರಿನಿಂದ ಬಂದ ಒಂದು ದಂಪತಿಗೆ ಆ ಕೋಣೆಯನ್ನು ಕೊಡಬಲ್ಲಿರಾ? ಅಪರಿಚಿತರಿಗೆ ಕೊಡಲು ಅಂಜಿಕೆಯಾದರೆ ಪರಿಚಿತರಿಗೇ ಕೊಡಿ. ನಮ್ಮ ತಾಲ್ಲೂಕಿನವರೇ ಸಾಕಷ್ಟು ಜನ ಇದ್ದಾರೆ. ಕೊಡಬಲ್ಲವರು ನನಗೆ ತಿಳಿಸಿ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಬಡಾವಣೆ, ಯಾವ ತಿಂಗಳು ಅನುಕೂಲ ಎಂಬುದನ್ನು ಬರೆದಿಡುತ್ತೇನೆ. ಕೇಳಿ ಬಂದವರಿಗೆ ತಲುಪಿಸುತ್ತೇನೆ. ಹಾಜರಿ ಪುಸ್ತಕ ಬರೆದು ಅಭ್ಯಾಸವಿರುವ ಕೈ, ಇಷ್ಟು ಮಾಡಬಲ್ಲದು.

ಕೋಣೆ ದೊಡ್ಡದಿರಬೇಕಿಲ್ಲ, ಮಂಚ ಹೊಸದಿರಬೇಕಿಲ್ಲ. ಒಲೆಯೊಂದು ಮಾತ್ರ ಇರಲಿ.